ಪಾಪಾಸು ಅಂದರೆ ಚಪ್ಪಲಿಯಾ? ಬಾಬೂಶ್‌ಗೂ ಅದಕ್ಕೂ ಸಂಬಂಧ ಉಂಟಾ?

ಕಿನ್ನಿಮೂಲ್ಕಿ_ಕಿಟ್ಟ:
ಭಾವ ದುಬೈಯಿಂದ ಬರುವಾಗ ಅಪ್ಪನಿಗೆ ಒಂದು ಜೊತೆ ಮೆತ್ತನೆ ಚರ್ಮದ ಚಪ್ಪಲಿ ತಂದಿದ್ದಾರೆ. ಮೊರಾಕ್ಕೋದ್ದಂತೆ. ಹಳದಿ ಬಣ್ಣ, ಮೂತಿ ಚೂಪು, ಹಿಮ್ಮಡಿಯ ಕಡೆ ಚರ್ಮವನ್ನು ಒಳಗೆ ಮಡಚಿ ಹೊಲಿದಿದ್ದಾರೆ, ಹಾಗಾಗಿ ಕಾಲು ತೂರಿಸಿದರೆ ಆಯಿತು. ಡಬ್ಬದ ಮೇಲೆ ಬಾಬೂಶ್ ಅಂತ ಇದೆ. ಅಪ್ಪ ನೋಡಿದ್ದೇ, ‘ಇದು ಪಾಪಾಸು ಅಲ್ವಾ’ ಅಂದರು. ನನಗೆ ಪಾಪಾಸುಕಳ್ಳಿ ಮಾತ್ರ ಗೊತ್ತು. ಎರಡೂ ಒಂದೇ ಪದವಾ, ಅಥವಾ ಸುಮ್ನೆ ಕಿವಿಗೆ ಒಂದೇ ತರ ಕೇಳುತ್ತದಾ?

ಮಲ್ಪೆ_ಮಾಣಿ:
ಕಳ್ಳಿ ಮೆಟ್ಟಿಕೊಂಡು ಓಡಾಡುವವರು ಉಡುಪಿಯಲ್ಲೇ ಇರಬೇಕು ಮಾರಾಯ್ರೇ 😄

ಹಳೇಪುಟ:
ಒಂದೇ ಪದ, ನಿಮ್ಮ ಅಪ್ಪ ಸರಿಯಾಗಿ ಹೇಳಿದ್ದಾರೆ. ಮೂಲ ಪಾರ್ಸಿಯ ಪಾಪೋಶ್. ಪಾ ಅಂದರೆ ಕಾಲು, ಪೋಶ್ ಅಂದರೆ ಮುಚ್ಚುವಂಥದ್ದು. ಪೈಜಾಮದ ಪೈ ಇದೇ ಕಾಲು, ಪೋಷಾಕಿನ ಪೋಷ್ ಇದೇ ಮುಚ್ಚುವುದು. ಇದು ಅರಬ್ಬಿಗೆ ಹೋದಾಗ ಬಾಬೂಜ್ ಆಯಿತು, ಯಾಕೆಂದರೆ ಅರಬ್ಬಿಯಲ್ಲಿ ಪ ಅಕ್ಷರವೇ ಇಲ್ಲ. ಗಲ್ಫ್‌ನಲ್ಲಿ ಇದ್ದವರನ್ನು ಕೇಳಿ, ಅಲ್ಲಿ ಪೆಪ್ಸಿ ಕೂಡ ಬೆಬ್ಸಿ. ಅರಬ್ಬಿಯಿಂದ ಫ್ರೆಂಚರು ತಗೊಂಡು ಬಾಬೂಶ್ ಮಾಡಿದರು. ತಮಾಷೆ ಎಂದರೆ ಮೊರಾಕ್ಕೋದವರು ತಾವು ಅದನ್ನು ಬಲ್ಗಾ ಅನ್ನುತ್ತಾರೆ. ತುರ್ಕಿಯಲ್ಲಿ ಪಾಬುಚ್, ಹಂಗೇರಿಯಲ್ಲಿ ಪಾಪುಚ್. ಮೂಲದಲ್ಲಿ ಪಾಪೋಶ್ ಅಂದರೆ ಕಾಲಿಗೆ ಹಾಕುವ ಯಾವುದಾದರೂ ಸರಿ. ಮನೆಯೊಳಗೆ ಹಾಕುವ ಮೆತ್ತನೆಯದ್ದು ಎಂಬ ಅರ್ಥ ಗಟ್ಟಿಯಾದದ್ದು ಯುರೋಪಿಗೆ ಹೋದ ಮೇಲೆ.

ನಮ್ಮಲ್ಲಿಗೆ ಬಂದದ್ದು ದಖ್ಖನಿನ ಸುಲ್ತಾನರು, ಮರಾಠರು ಇವರ ಕಾಲದ ಆಡಳಿತ, ಪೇಟೆಯ ಮಾತಿನ ಜೊತೆ. ರುಮಾಲು, ಜಮೀನು, ದರ್ಜಿ ಎಲ್ಲ ಬಂದ ದಾರಿಯೇ.

ಶುದ್ಧಪದ:
ಎಲ್ಲದಕ್ಕೂ ಪಾರ್ಸಿ ಯಾಕೆ? ಪಾ ಅಂದರೆ ಪಾದ ಅಂತ ಕಣ್ಣಿಗೆ ಕಾಣುತ್ತದಲ್ಲ. ಸಂಸ್ಕೃತದಿಂದಲೇ ನೇರ ಬಂದಿರಬಹುದು.

ಹಳೇಪುಟ:
ಪಾದಕ್ಕೂ ಪಾರ್ಸಿಯ ಪಾಗೂ ನಂಟು ಇದೆ, ಇಲ್ಲ ಅನ್ನುತ್ತಿಲ್ಲ. ಎರಡೂ ಒಂದೇ ಅಜ್ಜಿಯ ಮೊಮ್ಮಕ್ಕಳು. ಆದರೆ ಸಂಸ್ಕೃತದ ಪಾದುಕಾ ಕನ್ನಡಕ್ಕೆ ಹೇಗೆ ಬಂತು ನೋಡಿ: ಮೊದಲು ಪಾವುಗೆ, ಆಮೇಲೆ ಹಾವುಗೆ. ಹರಳಯ್ಯನ ಕಥೆಯ ಚಮ್ಮಾವುಗೆಯಲ್ಲಿ ಇರುವುದು ಇದೇ. ಹಳಗನ್ನಡದ ಪ ನಡುಗನ್ನಡಕ್ಕೆ ಬರುವಾಗ ಹ ಆಯಿತು, ಪಾಲು ಹಾಲಾಯಿತು (ತುಳುವಿನಲ್ಲಿ ಇವತ್ತಿಗೂ ಪೇರ್). ಪಾಪಾಸು ಆಗಲೇ ನಮ್ಮ ಬಾಯಿಯಲ್ಲಿ ಇದ್ದಿದ್ದರೆ ಈಗ ಹಾಪಾಸು ಅನ್ನಬೇಕಿತ್ತು. ಪ ಹಾಗೇ ಉಳಿದಿದೆ, ಅಂದರೆ ತಡವಾಗಿ ಬಂದ ಪದ. ‘ಪೋಶ್’ಗೆ ಸಂಸ್ಕೃತದಲ್ಲಿ ಏನು ಮಾಡುತ್ತೀರಿ? ಪೋಷಣೆ ಅನ್ನಬೇಡಿ ದಯವಿಟ್ಟು.

ಬಿಜೈ_ಬಾಯಮ್ಮ:
ನನ್ನದು ಬೇರೆ ಲೆಕ್ಕ. ಮನೆಯೊಳಗಿನ ಚಪ್ಪಲಿಗೆ ನಮ್ಮ ಕಡೆ ಬೇರೆ ಪದ ಇಲ್ಲ, ಯಾಕೆಂದರೆ ಅಂಥ ಚಪ್ಪಲಿಯೇ ಇರಲಿಲ್ಲ! ಮೆಟ್ಟು ಜಗಲಿಯ ಕೆಳಗೆ ಬಿಟ್ಟು, ಕಾಲು ತೊಳೆದೇ ಒಳಗೆ ಬರಬೇಕು. ರೆಡ್ ಆಕ್ಸೈಡ್ ನೆಲದ ಮೇಲೆ ಬರಿಗಾಲಲ್ಲಿ ನಡೆಯುವ ಸುಖವೇ ಬೇರೆ. ಟೈಲ್ಸ್ ಬಂತು, ಮೊಣಕಾಲು, ಹಿಮ್ಮಡಿ ನೋವು ಅಂತ ಡಾಕ್ಟರ ಹತ್ತಿರ ಹೋದೆವು, ಅವರು ಎಂಸಿಆರ್ ಅನ್ನುವ ಮೆತ್ತನೆ ರಬ್ಬರಿನ ಚಪ್ಪಲಿ ಹಾಕಿ ಅಂದರು. ಈಗ ನಮ್ಮ ಮನೆಯಲ್ಲಿ ‘ಒಳಗಿನದ್ದು’, ‘ಹೊರಗಿನದ್ದು’ ಅಷ್ಟೇ ಹೆಸರು. ಅತ್ತೆ ಮಾತ್ರ ಇನ್ನೂ ಒಪ್ಪಿಲ್ಲ, ದೇವರ ಕೋಣೆಯ ಹತ್ತಿರ ನಾನು ಸುಳಿದರೆ ಮೊದಲು ನನ್ನ ಕಾಲು ನೋಡುತ್ತಾರೆ.

ಕಿಟ್ಟ ಅವರೇ, ಆ ಚರ್ಮದ್ದನ್ನು ಜೂನ್ ಆಗುವ ಮೊದಲು ಪೇಪರ್ ತುರುಕಿ ಗಾಳಿ ಆಡುವಲ್ಲಿ ಇಡಿ. ಮಳೆಗಾಲದಲ್ಲಿ ಬೂಸ್ಟು ಹಿಡಿಯದೆ ಇರುವುದಿಲ್ಲ.

ಕಿನ್ನಿಮೂಲ್ಕಿ_ಕಿಟ್ಟ:
ಥ್ಯಾಂಕ್ಸ್ ಎಲ್ಲರಿಗೂ. ಹಾಗಾದರೆ ಕಳ್ಳಿಗೆ ಆ ಹೆಸರು ಯಾಕೆ?

ಹಳೇಪುಟ:
ಅದರ ಒಂದು ತುಂಡನ್ನು ನೋಡಿ, ಚಪ್ಪಟೆ, ಉದ್ದುರುಟು, ಬುಡದಲ್ಲಿ ಸಣ್ಣ, ಥೇಟ್ ಚಪ್ಪಲಿಯ ಅಟ್ಟೆ. ಒಂದರ ತುದಿಗೆ ಇನ್ನೊಂದು ಹುಟ್ಟುತ್ತಾ ಹೋಗುತ್ತದೆ. ನನಗೆ ಇಷ್ಟವಾದ ಸಂಗತಿ ಬೇರೆ. ಆ ಗಿಡ ನಮ್ಮದಲ್ಲ, ಅಮೆರಿಕದ್ದು. ಕೊಲಂಬಸ್ 1492ರಲ್ಲಿ ಅಲ್ಲಿಗೆ ಹೋದ ಮೇಲೆಯೇ ಅದು ಸಮುದ್ರ ದಾಟಿ ಬೇರೆ ಕಡೆ ಹರಡಿದ್ದು. ಅಂದರೆ ಅದನ್ನು ಇಲ್ಲಿಯವರು ಮೊದಲು ಕಂಡಾಗ ಪಾಪಾಸು ಎಲ್ಲರಿಗೂ ಗೊತ್ತಿದ್ದ ಮಾತೇ ಆಗಿತ್ತು. ಇಲ್ಲವಾದರೆ ಗಿಡಕ್ಕೆ ಆ ಹೆಸರು ಇಡುತ್ತಿರಲಿಲ್ಲ. ಆಮೇಲೆ ಚಪ್ಪಲಿ ಅನ್ನುವ ಪದ ಜಾಸ್ತಿ ಓಡಿತು, ಪಾಪಾಸು ಕಾಲಿನಿಂದ ಕಳಚಿತು, ಬೇಲಿಯಲ್ಲಿ ಉಳಿಯಿತು. 1894ರಲ್ಲಿ ನಿಮ್ಮ ಮಂಗಳೂರಿನಲ್ಲೇ ಬಾಸೆಲ್ ಮಿಷನ್ ಅಚ್ಚು ಹಾಕಿದ ಕಿಟೆಲ್ ಕೋಶ ಈಗ ಆನ್‌ಲೈನ್ ಸಿಗುತ್ತದೆ, ಪ ಅಕ್ಷರಕ್ಕೆ ಹೋಗಿ ಹುಡುಕಿ.

ಕುಂಬಳೆಕರೆ:
ಮಲಯಾಳದಲ್ಲೂ ಉಂಟು, ಪಾಪ್ಪಾಸ್. ಹಳಬರ ಮಾತು, ಈಗ ಎಲ್ಲರದ್ದೂ ಚೆರಿಪ್ಪು. ಮತ್ತೆ, ಆ ಕಳ್ಳಿಯ ಕೆಂಪು ಹಣ್ಣು ತಿನ್ನುವವರು ಮೊದಲು ಕಲ್ಲಿಗೆ ತಿಕ್ಕಿ ಸಣ್ಣ ಮುಳ್ಳು ತೆಗೆಯಿರಿ. ನಾಲಿಗೆಗೆ ಹೊಕ್ಕರೆ ಪದದ ಮೂಲ ಯಾವುದಾದರೂ ಬೈಗುಳ ಒಂದೇ.