ಅಪ್‌ಡೇಟ್: ಮಳೆ ಪ್ಯಾಂಟ್ ಒಳಗೆ ಒದ್ದೆಯಾಗ್ತಿದ್ದದ್ದು ಸರಿಹೋಯ್ತು

ಟ್ರೆಕ್‌ನಲ್ಲಿ ನನ್ನ ಮಳೆ ಪ್ಯಾಂಟ್ ಮಂಡಿ ಹತ್ರ, ಕೂರುವ ಭಾಗದಲ್ಲಿ ಒದ್ದೆಯಾಗ್ತಿದೆ, ಹೊಸದು ತಗೋಬೇಕಾ ಅಂತ ಕೇಳಿದ್ದೆ. ಬೇಕಾಗಲಿಲ್ಲ! ಮುಳ್ಳೋಡಿಯಿಂದ ಕುದುರೆಮುಖಕ್ಕೆ, ಸುರಿಯೋ ಮಳೆಯಲ್ಲಿ, ಅದನ್ನೇ ಹಾಕ್ಕೊಂಡು ಹೋಗಿಬಂದೆ.

ಕೆಲಸ ಮಾಡಿದ್ದು 'ಒಗೆದು ಇಸ್ತ್ರಿ ಹಾಕಿ' ಅನ್ನೋ ಸಲಹೆ. ಹೇಳಿದವರಿಗೆ ತುಂಬಾ ಥ್ಯಾಂಕ್ಸ್. ಸೋಪಿನ ಪುಡಿ ಬಿಟ್ಟು, ಮಳೆಬಟ್ಟೆಗೇ ಅಂತ ಸಿಗೋ ದ್ರವದಲ್ಲಿ ಒಗೆದು, ಚೆನ್ನಾಗಿ ಜಾಲಿಸಿ ಒಣಗಿಸಿದೆ. ಆಮೇಲೆ ಮೇಲೊಂದು ತೆಳು ಬಟ್ಟೆ ಹಾಸಿ ಕಡಿಮೆ ಬಿಸಿಯಲ್ಲಿ ಇಸ್ತ್ರಿ. (ಲೇಬಲ್‌ನಲ್ಲಿ ಇಸ್ತ್ರಿ ಬೇಡ ಅಂತ ಇದ್ರೆ ಹಾಕಬೇಡಿ.) ಈಗ ನೀರು ಕೆಸುವಿನ ಎಲೆ ಮೇಲಿನ ಹಾಗೆ ಉರುಳಿಹೋಗುತ್ತೆ.

ಮೇಣ ಉಜ್ಜಿದ್ದು ಉಪಯೋಗವಾಗಲಿಲ್ಲ, ಸೆಕೆ ಹೆಚ್ಚಾಯ್ತು ಅಷ್ಟೇ. ಶವರ್ ಕೆಳಗೆ ನಿಂತು ಪರೀಕ್ಷಿಸಿದ್ರೂ ಏನೂ ಗೊತ್ತಾಗಲಿಲ್ಲ, ಯಾಕಂದ್ರೆ ಅಲ್ಲಿ ಕೂತಾಗ ಬಟ್ಟೆ ಮೇಲೆ ಬೀಳೋ ಒತ್ತಡವೇ ಇರಲ್ಲ. ನೆನೆದ ಸ್ಪಂಜಿನ ಮೇಲೆ ಸ್ವಲ್ಪ ಹೊತ್ತು ಕೂತು ನೋಡಿ, ನಿಜ ಅಲ್ಲಿ ಗೊತ್ತಾಗುತ್ತೆ. ನನ್ನದರಲ್ಲಿ ಹಿಂಭಾಗದ ಹೊಲಿಗೆಯಿಂದ ನೀರು ಬರದ ಹಾಗೆ ಒಳಗೆ ಅಂಟಿಸಿರೋ ಟೇಪ್ ಎದ್ದಿತ್ತು. ಹೊಸ ಟೇಪ್ ಅಂಟಿಸಿದೆ, ಸೋರೋದು ನಿಂತಿತು.

ಆಶ್ಚರ್ಯ ಅಂದ್ರೆ ಮಂಡಿ ಹತ್ರದ ಒದ್ದೆ ಮಳೆನೀರೇ ಅಲ್ಲ, ಬೆವರು! ಪ್ಯಾಂಟಿನ ಹೊರಪದರ ನೀರು ಹೀರಿಕೊಂಡ್ರೆ ಒಳಗಿನ ಆವಿ ಹೊರಗೆ ಹೋಗಲ್ಲ. ಹಾಗಾಗಿ ಏರು ಹತ್ತುವಾಗ ಪಕ್ಕದ ಜಿಪ್ ಸ್ವಲ್ಪ ತೆರೆದಿಡಿ, ಒಳಗೆ ಹತ್ತಿ ಬಟ್ಟೆ ಬೇಡವೇ ಬೇಡ.

ಇಂಬಳಕ್ಕೆ ಮಾತ್ರ ಈ ಪ್ಯಾಂಟ್ ಸಾಲದು, ಲೀಚ್ ಸಾಕ್ಸ್ ಬೇಕೇ ಬೇಕು.