ಸಹಾಯ ಬೇಕು: ಅಜ್ಜಿಗೆ ಕೇಳಿಸಲು ಹಳೇ ಕನ್ನಡ ಬೈಬಲ್ ಆಡಿಯೋ

ಎಲ್ಲರಿಗೂ ನಮಸ್ಕಾರ. ನಮ್ಮಜ್ಜಿಗೆ 88 ವರ್ಷ. ಗದಗ-ಬೆಟಗೇರಿಯ ಬಾಸೆಲ್ ಮಿಷನ್ ಸಭೆಯಲ್ಲಿ ಬೆಳೆದವರು. ಇನ್ನು ಕೆಲವೇ ದಿನ ಎಂದಿದ್ದಾರೆ ಡಾಕ್ಟರು. ಅಜ್ಜಿಗೆ ಹೆದರಿಕೆ ಇಲ್ಲ, ನಮಗೇ ಜಾಸ್ತಿ. "ನಮ್ಮಪ್ಪನ ಮನಿಗೆ ಹೊಂಟೀನಿ, ಅಳಬ್ಯಾಡ್ರಿ" ಅಂತಾರೆ.

ದಿನಾ ರಾತ್ರಿ ಪ್ರಾರ್ಥನೆ ಆದ ಮೇಲೆ 23ನೇ ಕೀರ್ತನೆ, ಯೋಹಾನ 14, ಪ್ರಕಟನೆ 21 ಓದಿಸಿಕೊಳ್ಳುತ್ತಾರೆ. ನನ್ನ ಹತ್ತಿರ ಇರುವುದು ಹೊಸ ಅನುವಾದ. ಎರಡು ಸಾಲು ಓದುವಷ್ಟರಲ್ಲೇ "ಇದು ನಮ್ಮದಲ್ಲ" ಎಂದು ತಡೆಯುತ್ತಾರೆ! ಹಳೆಯದೇ ಅವರಿಗೆ ಬಾಯಿಪಾಠ.

ಹಳೇ ಅನುವಾದವನ್ನು ಯಾರಾದರೂ ನಿಧಾನವಾಗಿ ಓದಿದ ರೆಕಾರ್ಡಿಂಗ್ ಇದೆಯಾ? ಇಲ್ಲದಿದ್ದರೆ ಈ ಮೂರು ಅಧ್ಯಾಯಗಳ ಫೋಟೋ ಕಳಿಸಿದರೂ ಸಾಕು, ನಾನೇ ಓದುತ್ತೇನೆ. ದಯವಿಟ್ಟು ಇವತ್ತೇ ಕಳಿಸಿ. ಅಜ್ಜಿಗಾಗಿ ಪ್ರಾರ್ಥಿಸಿ, ನೋವಿಲ್ಲದೆ ಹೋಗಲಿ ಎಂದು.