ಕತ್ತುನೋವು ಅವನದು, ಜಗಳ ನಮ್ಮದು

ಮಂಡ್ಯದ ಅತ್ತೆ ನಮ್ಮ ಕುಟುಂಬದ ಗುಂಪಿಗೆ ಒಂದು ವಿಡಿಯೊ ಹಾಕಿದರು. ಜೊತೆಗೆ ಯಾರೋ ಬರೆದ ನಾಲ್ಕು ಸಾಲು: “ಬೈಕಿನ ವಿಂಡ್‌ಶೀಲ್ಡ್‌ಗೆ ಕೆಳಗಡೆ ಎರಡು ರಂಧ್ರ ಕೊರೆಯಿರಿ. ಕತ್ತುನೋವು ಮಾಯ. ಮೈಲೇಜ್ ಲೀಟರ್‌ಗೆ ಹತ್ತು ಕಿಲೋಮೀಟರ್ ಹೆಚ್ಚು. ಯಾವ ಕಂಪನಿಯೂ ಇದನ್ನು ನಿಮಗೆ ಹೇಳುವುದಿಲ್ಲ. ಎಲ್ಲರಿಗೂ ಕಳುಹಿಸಿ.”

ಅತ್ತೆ ಅದನ್ನು ಸುಮ್ಮನೆ ಹಾಕಿದ್ದಲ್ಲ. ಅವರ ಮಗ ಮಂಡ್ಯದಿಂದ ನಂಜನಗೂಡಿನ ಕಾರ್ಖಾನೆಗೆ ದಿನವೂ ಬೈಕಿನಲ್ಲಿ ಹೋಗಿಬರುತ್ತಾನೆ. ಗಾಳಿ ಎದೆಗೆ ಹೊಡೆಯುತ್ತದೆ ಎಂದು ಎತ್ತರದ ವಿಂಡ್‌ಶೀಲ್ಡ್ ಹಾಕಿಸಿಕೊಂಡ. ಎದೆಗೆ ಆರಾಮವಾಯಿತು, ಕತ್ತಿಗೆ ಸಂಕಟ ಶುರುವಾಯಿತು. ಸಂಜೆ ಮನೆಗೆ ಬಂದು ಕತ್ತು ಒತ್ತಿಕೊಂಡು ಕೂರುವ ಮಗನನ್ನು ನೋಡುವ ತಾಯಿ ಇಂಥ ವಿಡಿಯೊ ಕಂಡರೆ ಕಳುಹಿಸದೆ ಇರುತ್ತಾರೆಯೇ?

ಚಿಕ್ಕಪ್ಪನ ಮಗಳು: ಅತ್ತೆ, ಇದನ್ನು ಮಾಡಿದವರು ಯಾರು? ಯಾವ ಬೈಕ್, ಎಷ್ಟು ವೇಗ? ರಂಧ್ರ ಕೊರೆಯುವ ಮೊದಲು ಮತ್ತು ನಂತರ ಪೆಟ್ರೋಲ್ ಅಳೆದಿದ್ದಾರೆಯೇ?

ಅತ್ತೆ: ನನಗೆ ಬಂದದ್ದನ್ನು ಹಾಕಿದೆ. ಬೇಕಾದವರು ತೆಗೆದುಕೊಳ್ಳಲಿ, ಬೇಡದವರು ಬಿಡಲಿ.

ಚಿಕ್ಕಪ್ಪನ ಮಗಳು: ಹತ್ತು ಕಿಲೋಮೀಟರ್ ಎಂದರೆ ಸಣ್ಣ ಮಾತಲ್ಲ ಅತ್ತೆ. ಮೂಲ ಬೇಕು.

ದೊಡ್ಡಪ್ಪ: ಹಿರಿಯರು ಒಂದು ಮಾತು ಹೇಳಿದರೆ ಮೂಲ, ಎರಡು ಮಾತು ಹೇಳಿದರೆ ದಾಖಲೆ. ಗಾಡಿಯನ್ನು ಕಂಪನಿ ಹೇಗೆ ಕೊಟ್ಟಿದೆಯೋ ಹಾಗೆಯೇ ಇಟ್ಟುಕೊಳ್ಳಬೇಕು. ವಿಂಡ್‌ಶೀಲ್ಡ್ ಮುಟ್ಟಿದರೆ 25,000 ರೂಪಾಯಿ ದಂಡ, ಸುಪ್ರೀಂ ಕೋರ್ಟ್ ಆದೇಶವೇ ಇದೆ. ವೇಗ ಕಡಿಮೆ ಮಾಡಿದರೆ ಕತ್ತೂ ನೋಯುವುದಿಲ್ಲ, ಹೆತ್ತವರ ಹೊಟ್ಟೆಯೂ ಉರಿಯುವುದಿಲ್ಲ. ಬೈಕಿನವರ ಹುಚ್ಚಾಟಕ್ಕೇ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಅವರನ್ನು ಹೊರಗಿಟ್ಟಿದ್ದಾರೆ.

ಇಲ್ಲಿಂದ ವಿಂಡ್‌ಶೀಲ್ಡ್ ಮಾತು ಹಿಂದೆ ಬಿತ್ತು. ಚಿಕ್ಕಪ್ಪನ ಮಗಳು ದೊಡ್ಡಪ್ಪನ ಸಂದೇಶವನ್ನು ತುಂಡು ತುಂಡು ಮಾಡಿ ಉತ್ತರಿಸಿದಳು. 25,000 ರೂಪಾಯಿ ಎಂಬುದು ಅಪ್ರಾಪ್ತ ವಯಸ್ಕರು ಗಾಡಿ ಓಡಿಸಿ ಅಪರಾಧವಾದಾಗ ಪೋಷಕರಿಗೆ ಅಥವಾ ಮಾಲೀಕರಿಗೆ 2019ರ ತಿದ್ದುಪಡಿ ವಿಧಿಸಿದ ದಂಡ. ಸುಪ್ರೀಂ ಕೋರ್ಟಿನ 2012ರ ಆದೇಶ ಕಾರಿನ ಗಾಜಿಗೆ ಅಂಟಿಸುವ ಕಪ್ಪು ಫಿಲ್ಮ್ ಬಗ್ಗೆ. ಗಾಡಿಯ ಮಾರ್ಪಾಡಿಗೆ ಇರುವುದು ಮೋಟಾರು ವಾಹನ ಕಾಯ್ದೆಯ 52ನೇ ಕಲಂ. ಕಾಯ್ದೆ ಒಪ್ಪದ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಎನ್ನುವುದು 182ಎ ಕಲಂ. “ಮೂರನ್ನೂ ಕಲಸಿ ಒಂದು ಮಾಡಿದ್ದೀರಿ” ಎಂದು ಮುಗಿಸಿದಳು.

ಅವಳು ಹೇಳಿದ ಪ್ರತಿಯೊಂದೂ ಸರಿ. ಆದರೆ ದೊಡ್ಡಪ್ಪ ಕಲಂಗಳನ್ನು ಓದಲಿಲ್ಲ, ಕೊನೆಯ ಸಾಲನ್ನು ಮಾತ್ರ ಓದಿದರು.

ದೊಡ್ಡಪ್ಪ: ಹೋದ ವರ್ಷ ಬಿಸಿನೀರಿನ ವಿಷಯದಲ್ಲೂ ಎಲ್ಲರ ಮುಂದೆ ಹೀಗೆಯೇ ನನ್ನನ್ನು ದಡ್ಡನನ್ನಾಗಿ ಮಾಡಿದೆ. ನಾನು ಗುಂಪು ಬಿಟ್ಟುಹೋದಾಗ ಒಬ್ಬರೂ ಏಕೆ ಎಂದು ಕೇಳಲಿಲ್ಲ.

ಮಗಳ ಪರ ನೇರವಾಗಿ ನಿಲ್ಲಲಾರದೆ, ಅಣ್ಣನನ್ನು ಎದುರಿಸಲೂ ಆಗದೆ ಚಿಕ್ಕಪ್ಪ ಮಾತನ್ನು ಬೇರೆ ಕಡೆ ತಿರುಗಿಸಿದರು. ಅವರ ಸಂದೇಶವನ್ನು ಪೂರ್ತಿಯಾಗಿಯೇ ಕೊಡುತ್ತೇನೆ, ಏಕೆಂದರೆ ಇಡೀ ಚರ್ಚೆಯಲ್ಲಿ ಕೆಲಸಕ್ಕೆ ಬರುವ ಸಾಕ್ಷ್ಯ ಇದ್ದದ್ದು ಅದರಲ್ಲೇ.

ಚಿಕ್ಕಪ್ಪ: ಅಣ್ಣಾ, ಅಪ್ಪನ ಯೆಜ್ಡಿ ನೆನಪಿದೆಯೇ? ಮೈಸೂರಿನ ಯಾದವಗಿರಿಯ ಕಾರ್ಖಾನೆಯಲ್ಲಿ ತಯಾರಾದ ಗಾಡಿ. ಕಿಕ್ ಹೊಡೆದ ಲಿವರನ್ನೇ ಮುಂದಕ್ಕೆ ಮಡಚಿದರೆ ಅದೇ ಗೇರ್. ಎರಡು ಸೈಲೆನ್ಸರಿನ ಆ ಸದ್ದು ಬೀದಿಯ ತಿರುವಿನಲ್ಲಿ ಕೇಳಿಸಿದರೆ ನಾವು ಪುಸ್ತಕ ತೆಗೆದು ಕೂರುತ್ತಿದ್ದೆವು. ಮುಂದೆ ಅಗಲವಾದ ವಿಂಡ್‌ಶೀಲ್ಡ್, ಅದರ ಕೆಳಗೆ ಹೆಡ್‌ಲೈಟಿನ ಸುತ್ತ ಕಪ್ಪು ರೆಕ್ಸಿನ್ ಹೊದಿಕೆ. ಅಮ್ಮ ಹಿಂದೆ ಕುಳಿತರೆ ಅವರ ಸೆರಗು ಮುಂದಕ್ಕೆ ಹಾರಿ ಅಪ್ಪನ ಕಿವಿಗೆ ಬಡಿಯುತ್ತಿತ್ತು. ರೆಕ್ಸಿನ್ ಹರಿದು ಅಪ್ಪ ಅದನ್ನು ಬಿಚ್ಚಿಹಾಕಿದ ಮೇಲೆ ಸೆರಗು ಹಿಂದಕ್ಕೇ ಹಾರತೊಡಗಿತು. 1961ರಲ್ಲಿ ಶುರುವಾದ ಕಾರ್ಖಾನೆ 1996ರಲ್ಲಿ ಮುಚ್ಚಿತು, ಗಾಡಿಯೂ ನಮ್ಮ ಕೈಬಿಟ್ಟುಹೋಯಿತು. ಮಾರುವ ಮುಂಚೆ ನನ್ನನ್ನು ಒಂದು ಮಾತು ಕೇಳಬಹುದಿತ್ತು.

ದೊಡ್ಡಪ್ಪ: ಮನೆಯಲ್ಲಿ ಮದುವೆ ಇತ್ತು. ಆಗ ದುಡ್ಡು ಯಾರು ತಂದರು?

ಅತ್ತೆ: ಇಷ್ಟು ವರ್ಷವಾದರೂ ಆ ಗಾಡಿಯನ್ನು ನನ್ನ ತಲೆಗೇ ಕಟ್ಟುತ್ತೀರಿ. ನನ್ನ ಮದುವೆಗೆ ಗಾಡಿ ಮಾರಿ ಎಂದು ನಾನು ಕೇಳಿದೆನೇ?

ಆಮೇಲೆ ಬಂದದ್ದನ್ನೆಲ್ಲ ಇಲ್ಲಿ ಬರೆಯುವುದು ಬೇಡ. ಯೆಜ್ಡಿ ಎಷ್ಟಕ್ಕೆ ಹೋಯಿತು, ಯಾರ ಕೈಗೆ ಹೋಯಿತು, ಒಡವೆಯ ಲೆಕ್ಕ ಯಾರ ಬಳಿ ಇದೆ ಎಂಬಲ್ಲಿಗೆ ಮುಟ್ಟಿತು. ರಾತ್ರಿ ಹತ್ತರ ಹೊತ್ತಿಗೆ ಅತ್ತೆಯ ಮಗ ಮೊದಲ ಸಲ ಬಾಯಿಬಿಟ್ಟ.

ಅತ್ತೆಯ ಮಗ: ನಾಳೆ ಗ್ಯಾರೇಜಿನಲ್ಲಿ ಡ್ರಿಲ್ ಮಾಡಿಸುತ್ತೇನೆ. ದಯವಿಟ್ಟು ಎಲ್ಲರೂ ಮಲಗಿ.

ಅದನ್ನು ಓದಿದ ಮೇಲೆ ನನಗೆ ಸುಮ್ಮನಿರಲು ಆಗಲಿಲ್ಲ. ಅಷ್ಟು ಹೊತ್ತು ಬಡಿದಾಡಿದ ನಾವು ಯಾರೂ ಆ ಹುಡುಗನನ್ನು ಒಂದೇ ಒಂದು ಪ್ರಶ್ನೆ ಕೇಳಿರಲಿಲ್ಲ: ನಿನ್ನ ತಲೆ ಯಾವಾಗ ನಡುಗುತ್ತದೆ? ಗುಂಪಿನಲ್ಲಿ ನಾನು ಬರೆದದ್ದು ಇದು.

“ಡ್ರಿಲ್ ಬೇಡ, ನಿಲ್ಲಿಸು. ವಿಂಡ್‌ಶೀಲ್ಡ್ ಗಾಳಿಯನ್ನು ಇಲ್ಲವಾಗಿಸುವುದಿಲ್ಲ, ಮೇಲಕ್ಕೆ ತಳ್ಳುತ್ತದೆ. ಅದರ ಬೆನ್ನ ಹಿಂದೆ ಒತ್ತಡ ತಗ್ಗುತ್ತದೆ. ಮೇಲಂಚನ್ನು ದಾಟಿದ ಗಾಳಿ ಆ ತೆರವಿಗೆ ನುಗ್ಗಿ, ಶ್ರೀರಂಗಪಟ್ಟಣದ ಸೇತುವೆಯ ಕಂಬದ ಹಿಂದೆ ಕಾವೇರಿ ನೀರು ಸುಳಿಯುವಂತೆ ಸುಳಿಯುತ್ತದೆ. ಆ ಸುಳಿಗೆ ನಿನ್ನ ಹೆಲ್ಮೆಟ್ ಸಿಕ್ಕರೆ ತಲೆ ನಡುಗುತ್ತದೆ, ಕಿವಿಯಲ್ಲಿ ಗುಡುಗುಡು ಸದ್ದು, ತಲೆಯನ್ನು ನೆಟ್ಟಗೆ ಹಿಡಿದು ಹಿಡಿದು ಕತ್ತು ಸೋಲುತ್ತದೆ. ಅಜ್ಜಿಯ ಸೆರಗನ್ನು ಮುಂದಕ್ಕೆ ಎಳೆಯುತ್ತಿದ್ದದ್ದೂ ಇದೇ ತೆರವು. ರೆಕ್ಸಿನ್ ಬಿಚ್ಚಿದಾಗ ಕೆಳಗಿನಿಂದ ಗಾಳಿ ಬಂದು ಆ ಜಾಗ ತುಂಬಿತು, ಸೆರಗು ತನ್ನ ದಾರಿ ಹಿಡಿಯಿತು. ವಿಡಿಯೊದಲ್ಲಿ ನಿಜವಿರುವುದು ಇಷ್ಟೇ, ಕೆಳಗಿನಿಂದ ಗಾಳಿಗೆ ದಾರಿ ಬೇಕು.

“ಆ ದಾರಿಗೆ ರಂಧ್ರ ಬೇಕಿಲ್ಲ. ಕೆಳಗಿನ ಬೋಲ್ಟ್‌ಗಳನ್ನು ಸ್ವಲ್ಪ ಉದ್ದದ್ದಕ್ಕೆ ಬದಲಿಸಿ, ನಡುವೆ ಬುಷ್, ಅಂದರೆ ಬೋಲ್ಟ್ ಹಾಯುವ ಸಣ್ಣ ಕೊಳವೆ, ಕೂರಿಸಿ, ಕೆಳಂಚು ಹೆಡ್‌ಲೈಟಿನಿಂದ ಒಂದು ಬೆರಳಿನಷ್ಟು ಮುಂದೆ ಬರಲಿ. ರಬ್ಬರ್ ವಾಷರ್ ಬಿಡಬೇಡ, ಬೋಲ್ಟನ್ನು ಜೀವ ಹಿಂಡುವಂತೆ ಬಿಗಿಯಬೇಡ. ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ಎಲ್ಲಿಯೂ ತಾಗುವುದಿಲ್ಲವೆಂದು ನೋಡು. ಗ್ಯಾರೇಜಿನಲ್ಲಿ ಕೊರೆದ ರಂಧ್ರದ ಅಂಚು ಒರಟಾಗಿದ್ದರೆ ಬಿರುಕು ಅಲ್ಲಿಂದಲೇ ಹೊರಡುತ್ತದೆ. ವಿಂಡ್‌ಶೀಲ್ಡ್ ಅಕ್ರಿಲಿಕ್ ಪ್ಲಾಸ್ಟಿಕ್ಕಿನದಾದರೆ ಇನ್ನೂ ಬೇಗ. ಪಾಲಿಕಾರ್ಬೊನೇಟ್ ಗಟ್ಟಿ, ಆದರೆ ಪೆಟ್ರೋಲ್ ಬಟ್ಟೆಯಿಂದ ಒರೆಸಿದರೆ ಅದೂ ಕೂದಲೆಳೆಯಷ್ಟು ಸಣ್ಣಗೆ ಬಿರಿಯುತ್ತದೆ. ಎಂಬತ್ತರ ವೇಗದಲ್ಲಿ ನಿನ್ನ ಮುಖದ ಮುಂದೆ ಇರುವ ವಸ್ತು ಅದು.

“ಬುಷ್ ಹಾಕುವ ಮೊದಲು ಒಂದು ಪರೀಕ್ಷೆ ಮಾಡು. ಖಾಲಿ ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋಗುತ್ತಾ, ಎರಡೂ ಕೈ ಹ್ಯಾಂಡಲ್ ಮೇಲೇ ಇರಲಿ, ಸೀಟಿನಿಂದ ಸ್ವಲ್ಪ ಮೇಲೇಳು. ಆಮೇಲೆ ಸ್ವಲ್ಪ ಬಗ್ಗು. ಯಾವಾಗ ಸದ್ದು ತಗ್ಗುತ್ತದೆ ಎಂದು ಗಮನಿಸು. ಮೇಲೆದ್ದಾಗ ತಗ್ಗಿದರೆ ತಲೆ ಸುಳಿ ದಾಟಿ ನೇರ ಗಾಳಿಗೆ ಹೋಯಿತು, ಅಂದರೆ ನಿನಗೆ ಗಿಡ್ಡ ವಿಂಡ್‌ಶೀಲ್ಡ್ ಒಗ್ಗುತ್ತದೆ. ಬಗ್ಗಿದಾಗ ತಗ್ಗಿದರೆ ಇನ್ನಷ್ಟು ಎತ್ತರ ಬೇಕು, ಅದಕ್ಕೆ ಮೇಲಂಚಿಗೆ ಸಿಕ್ಕಿಸುವ ಪಟ್ಟಿ ಸಿಗುತ್ತದೆ. ಏನೇ ಮಾಡಿದರೂ ವಿಂಡ್‌ಶೀಲ್ಡಿನ ಮೇಲಂಚಿನ ಮೇಲಿಂದ ರಸ್ತೆ ಕಾಣಬೇಕು. ಮಳೆಯಲ್ಲಿ ಅದನ್ನು ಒರೆಸಲು ವೈಪರ್ ಇಲ್ಲ. ಮೈಲೇಜ್ ವಿಷಯ ಬಿಡು, ಬೆರಳಗಲದ ಸಂದು ಲೀಟರ್‌ಗೆ ಹತ್ತು ಕಿಲೋಮೀಟರ್ ಕೊಡುವುದಿಲ್ಲ.

“ದೊಡ್ಡಪ್ಪ, ವೇಗದ ಬಗ್ಗೆ ನೀವು ಹೇಳಿದ್ದರಲ್ಲಿ ಹುರುಳಿದೆ. ನಲವತ್ತರಿಂದ ಎಂಬತ್ತಕ್ಕೆ ಹೋದರೆ ಗಾಳಿಯ ಒತ್ತು ನಾಲ್ಕು ಪಟ್ಟು. ಆದರೆ ಇವನು ಹುಚ್ಚಾಟದವನಲ್ಲ. 2023ರ ಆಗಸ್ಟ್ 1ರಿಂದ ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥಗಳಲ್ಲಿ ಬೈಕ್ ಬಿಡುವುದಿಲ್ಲ, ಆದ್ದರಿಂದ ಇಂಡುವಾಳು, ತೂಬಿನಕೆರೆ, ಗಣಂಗೂರು ಎಂದು ಸರ್ವಿಸ್ ರಸ್ತೆಯಲ್ಲೇ ಬರುತ್ತಾನೆ.”

ಬೆಳಿಗ್ಗೆಯವರೆಗೆ ಯಾರೂ ಮಾತನಾಡಲಿಲ್ಲ. ಮರುದಿನ ಅವನೇ ಬರೆದ.

ಅತ್ತೆಯ ಮಗ: ಮೈಸೂರಿನವರೆಗೆ ಏನೂ ಇಲ್ಲ. ಕಡಕೊಳ ದಾಟಿ ವೇಗ ಏರಿದ ಮೇಲೆಯೇ ಶುರು. ಮೇಲೆದ್ದರೆ ಹೆಚ್ಚುಕಡಿಮೆ ಅಷ್ಟೇ ಸದ್ದು. ಗಲ್ಲ ಟ್ಯಾಂಕಿನ ಕಡೆ ಸ್ವಲ್ಪ ತಂದರೆ ಪೂರ್ತಿ ಶಾಂತ.

ಹಾಗಾದರೆ ಅವನಿಗೆ ಗಿಡ್ಡದ್ದು ಬೇಡ. ಮೊದಲು ಬುಷ್, ಸಾಲದಿದ್ದರೆ ಪಟ್ಟಿ ಎಂದೆ. ಭಾನುವಾರ ಬುಷ್ ಹಾಕಿಸಿಕೊಂಡ. ಮುಂದಿನ ವಾರ ಫೋಟೊ ಬಂತು. ಕೆಳಂಚು ಮತ್ತು ಹೆಡ್‌ಲೈಟಿನ ನಡುವೆ ಬೆಳಕು ಕಾಣುವಷ್ಟು ಸಂದು, ಬೋಲ್ಟಿನ ತಲೆಯ ಕೆಳಗೆ ಕಪ್ಪು ರಬ್ಬರಿನ ಬಳೆ.

ಅತ್ತೆಯ ಮಗ: ನಡುಕ ಬಹುಪಾಲು ಹೋಯಿತು. ಸದ್ದು ಇನ್ನೂ ಇದೆ, ಪಟ್ಟಿ ಹುಡುಕುತ್ತಿದ್ದೇನೆ. ಅಲ್ಲಿಯವರೆಗೆ ಕಿವಿಗೆ ಇಯರ್‌ಪ್ಲಗ್.

ಚಿಕ್ಕಪ್ಪನ ಮಗಳು: ಮೈಲೇಜ್?

ಅತ್ತೆಯ ಮಗ: ಮೊದಲಿನಷ್ಟೇ.

ದೊಡ್ಡಪ್ಪ: ನಿಧಾನ ಹೋಗು ಮಗು.

ಚಿಕ್ಕಪ್ಪ: ಅಪ್ಪ ಆ ರೆಕ್ಸಿನ್ ಬಿಚ್ಚಿದ್ದು ಅಣ್ಣನ ಮಾತು ಕೇಳಿಯೇ, ಈಗ ನೆನಪಾಯಿತು.

ದೊಡ್ಡಪ್ಪ: ಗಾಡಿ ಮಾರಿದ್ದು ಮಾತ್ರ ಇಷ್ಟು ದಿನ ನೆನಪಿತ್ತು.

ಅತ್ತೆ: ಈಗ ಎಲ್ಲರೂ ಸರಿ. ಆದರೆ ವಿಡಿಯೊ ಹಾಕಿದ್ದು ನಾನು.

ಚಿಕ್ಕಪ್ಪನ ಮಗಳು: ರಂಧ್ರ ಕೊರೆಯಿರಿ ಎಂದದ್ದೂ ಅದೇ ವಿಡಿಯೊ ಅತ್ತೆ.